ನನ್ನ ಟಿ-ಶರ್ಟ್ ಮೇಲಿನ ಲಾರಿ ಯಾಕೆ ಲಾರಿ ಥರ ಕಾಣ್ತಿಲ್ಲ?

ಪ್ರಶ್ನೆ: ನಮ್ಮ ತಂದೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಲಾರಿ ಓಡಿಸಿದವರು. ಬ್ಯಾಡಗಿಯಿಂದ ಮೆಣಸಿನಕಾಯಿ ತುಂಬಿಕೊಂಡು ಮುಂಬೈ, ಚೆನ್ನೈ ಅಂತ ಹೋಗುತ್ತಿದ್ದರು. ಲಾರಿ ಈಗಿಲ್ಲ. ಎರಡು ಹಳೇ ಫೋಟೋ ಉಳಿದಿವೆ, ಜೊತೆಗೆ ಕಳಿಸಿದ್ದೇನೆ. ಹಿಂದಿನ ಹಲಗೆ ಮೇಲೆ ನನ್ನ ಹೆಸರು, ತಂಗಿ ಹೆಸರು ಬರೆಸಿದ್ದರು. ಆ ನೆನಪಿಗೆ ಲಾರಿ ಚಿತ್ರಕಲೆಯ ಟಿ-ಶರ್ಟ್ ಮಾಡಬೇಕು, ಮೊದಲು ನೂರು ಪೀಸ್ ಹಾಕಿಸಿ ಮಾರಬೇಕು ಅಂತಿದ್ದೇನೆ. ನನ್ನ ಡಿಸೈನ್ ಹೀಗಿದೆ: ಕಪ್ಪು ಬಟ್ಟೆ, ಎದೆ ತುಂಬ ಪಾಕಿಸ್ತಾನದ ಟ್ರಕ್ಕಿನ ಮುಖ, ಎರಡೂ ಪಕ್ಕ ಢಾಕಾ ರಿಕ್ಷಾದ ನವಿಲು, ಕೆಳಗೆ ‘ಹಾರ್ನ್ ಓಕೆ ಪ್ಲೀಸ್’. ಒಟ್ಟು ಹದಿನಾಲ್ಕು ಬಣ್ಣ. ಸ್ನೇಹಿತರೆಲ್ಲ ಚೆನ್ನಾಗಿದೆ ಅಂದರು. ಅಪ್ಪ ಮಾತ್ರ ನೋಡಿ ಸುಮ್ಮನಾದರು. ನನಗೂ ಯಾಕೋ ಅದು ಲಾರಿ ಥರ ಅನಿಸುತ್ತಿಲ್ಲ. ಎಲ್ಲಿ ತಪ್ಪಿದೆ? ಯಾವ ಪ್ರಿಂಟ್ ಮಾಡಿಸಲಿ? ಇಂಟರ್‌ನೆಟ್‌ನಲ್ಲಿ ಸಿಕ್ಕ ಚಿತ್ರ ಬಳಸಿದರೆ ತೊಂದರೆ ಆಗುತ್ತಾ?

ಉತ್ತರ: ನಿಮ್ಮ ತಂದೆ ಯಾಕೆ ಸುಮ್ಮನಾದರು ಅಂತ ನನಗೆ ಅರ್ಥವಾಯಿತು. ನಿಮ್ಮ ಡಿಸೈನ್‌ನಲ್ಲಿ ಶ್ರಮ ಇದೆ, ಬಣ್ಣ ಇದೆ. ಆದರೆ ಅದು ಯಾರ ಲಾರಿ ಅಂತ ಗೊತ್ತಾಗುವುದಿಲ್ಲ. ಯಾವ ರಸ್ತೆ ಮೇಲೂ ಅಂಥ ಗಾಡಿ ಓಡಿಲ್ಲ. ಲಾರಿ ಬರೆಸುವವರು ಯಾರೂ ಹೋಗಿ ‘ಒಂದು ಲಾರಿ ಚಿತ್ರ ಬರೆದುಕೊಡಿ’ ಅನ್ನುವುದಿಲ್ಲ. ತಮ್ಮ ಲಾರಿಗೆ ಬರೆಸುತ್ತಾರೆ. ತಮ್ಮ ಮನೆದೇವರು, ತಮ್ಮ ಊರು, ತಮ್ಮ ಮಕ್ಕಳ ಹೆಸರು. ನಿಮ್ಮ ಟಿ-ಶರ್ಟ್‌ನಲ್ಲಿ ಮೂರು ದೇಶ ಇವೆ, ಒಬ್ಬ ಯಜಮಾನ ಇಲ್ಲ.

ಆ ಮೂರನ್ನೂ ಒಂದೊಂದಾಗಿ ನೋಡೋಣ. ಮೂರೂ ಒಂದೇ ಥರ ಕಾಣುತ್ತವೆ, ಆದರೆ ಅವುಗಳ ಮನೋಧರ್ಮವೇ ಬೇರೆ.

ಪಾಕಿಸ್ತಾನದ ಟ್ರಕ್ ಕಲೆ ಬೆಳೆದದ್ದು ಮುಖ್ಯವಾಗಿ ಬ್ರಿಟನ್‌ನಿಂದ ಬಂದ ಬೆಡ್‌ಫರ್ಡ್ ಗಾಡಿಗಳ ಮೇಲೆ. ಕ್ಯಾಬಿನ್ ನೆತ್ತಿಯಿಂದ ಮುಂದಕ್ಕೆ ಬಾಗಿ ಎದ್ದು ನಿಂತ ದೊಡ್ಡ ಹಲಗೆ ಇರುತ್ತದಲ್ಲ, ಅದಕ್ಕೆ ಅವರು ‘ತಾಜ್’ ಅಂತಾರೆ, ಅಂದರೆ ಕಿರೀಟ. ಇಡೀ ಗಾಡಿಗೆ ಮದುಮಗಳ ಸಿಂಗಾರ. ಒಬ್ಬ ಪೇಂಟರ್ ಕೈಲಿ ಆಗುವ ಕೆಲಸ ಅಲ್ಲ ಅದು. ಬಡಗಿ ಬೇಕು, ತಗಡು ಬಡಿಯುವವರು ಬೇಕು, ದೀಪ ಕಟ್ಟುವವರು ಬೇಕು. ಜೊತೆಗೆ ‘ಚಮಕ್ ಪಟ್ಟಿ’ಯವರು. ಚಮಕ್ ಪಟ್ಟಿ ಅಂದರೆ ಹೊಳೆಯುವ ಅಂಟುಹಾಳೆ. ನಾವು ರೇಡಿಯಂ ಅಂತೀವಲ್ಲ, ಅದೇ ಜಾತಿಯದು. ಅದನ್ನು ಚಾಕುವಿನಲ್ಲಿ ಸಣ್ಣ ಸಣ್ಣ ಎಲೆ, ಹೂವು, ಮೀನು ಮಾಡಿ ಕತ್ತರಿಸಿ ಒಂದರ ಮೇಲೊಂದು ಅಂಟಿಸುತ್ತಾರೆ. ಪೇಶಾವರ, ಸ್ವಾತ್ ಕಡೆಯ ಗಾಡಿಗಳಲ್ಲಿ ಕೆತ್ತಿದ ಮರದ ಬಾಗಿಲು. ರಾವಲ್ಪಿಂಡಿ ಕಡೆ ಬಣ್ಣದ ಪ್ಲಾಸ್ಟಿಕ್ ತುಂಡಿನ ಕುಸುರಿ. ಸಿಂಧ್ ಕಡೆ ಒಂಟೆ ಮೂಳೆಯ ಕೆಲಸ. ಬಲ್ಲವರು ಗಾಡಿ ನೋಡಿದ ಕೂಡಲೇ ಯಾವ ಸೀಮೆಯದು ಅಂತ ಹೇಳುತ್ತಾರೆ. ಬಂಪರ್ ಕೆಳಗೆ ಜೋತುಬಿದ್ದ ಸರಪಳಿಗಳು ಝಲ್ ಝಲ್ ಅನ್ನುತ್ತವೆ. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಸೈನಿಕರು ಅದಕ್ಕೇ ಇವನ್ನು ‘ಜಿಂಗಲ್ ಟ್ರಕ್’ ಅಂತ ಕರೆದರು.

ಅಲ್ಲಿ ಖಾಲಿ ಜಾಗ ಅನ್ನುವುದೇ ಇಲ್ಲ. ಎಡಗಡೆ ಏನಿದೆಯೋ ಬಲಗಡೆ ಅದೇ. ನೆತ್ತಿ ಮೇಲೆ ದೇವರ ಸ್ಮರಣೆ, ಮೆಕ್ಕಾ ಮದೀನಾದ ಚಿತ್ರ. ಹಿಂದೆ ಲೋಕದ ವ್ಯವಹಾರ: ಗಿಡುಗ, ಹುಲಿ, ಜಲಪಾತ, ಸಿನಿಮಾ ನಟಿ, ಹಳೇ ನಾಯಕರು. ಹಿಂದೆ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಅವರ ಚಿತ್ರದ ಕೆಳಗೆ ‘ತೇರಿ ಯಾದ್ ಆಯೀ ತೇರೇ ಜಾನೇ ಕೇ ಬಾದ್’ ಅಂತ ಬರೆದ ಟ್ರಕ್ಕುಗಳು ಅಲ್ಲಿ ಬಹಳ ಪ್ರಸಿದ್ಧ. ‘ನೀನು ಹೋದ ಮೇಲೆ ನಿನ್ನ ನೆನಪಾಯಿತು’ ಅಂತ ಅರ್ಥ. ಒಂದು ದೇಶದ ರಾಜಕೀಯ ಬೇಸರ ಒಂದು ಹಲಗೆ ಮೇಲೆ ಬಂದುಬಿಟ್ಟಿದೆ, ನೋಡಿ. ಕರಾಚಿಯ ಕಲಾವಿದ ಹೈದರ್ ಅಲಿ 2002ರಲ್ಲಿ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಜಾನಪದ ಉತ್ಸವಕ್ಕೆ ಹೋಗಿ ಜನರ ಕಣ್ಣೆದುರೇ ಒಂದು ಟ್ರಕ್ ಬರೆದರು. 2006ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಮೆಲ್ಬರ್ನ್‌ನಲ್ಲಿ ಒಂದು ಟ್ರಾಮ್ ಪೂರ್ತಿ ಕರಾಚಿ ಬಸ್ಸಿನ ಹಾಗೆ ಸಿಂಗಾರವಾಗಿ ಓಡಿತು. ಹೊರಗಿನ ಜಗತ್ತು ‘ಟ್ರಕ್ ಆರ್ಟ್’ ಅಂದರೆ ಇದನ್ನೇ ನೆನೆಯುವುದಕ್ಕೆ ಕಾರಣ ಇದೆ. ನೀವು ಹುಡುಕಿದಾಗಲೂ ಮೊದಲು ಸಿಕ್ಕಿದ್ದು ಇದೇ ಇರಬೇಕು.

ಢಾಕಾದ ರಿಕ್ಷಾ ಮೂರು ಚಕ್ರದ ಸೈಕಲ್ ಗಾಡಿ. ಚಿತ್ರಕ್ಕೆ ಅಲ್ಲಿ ಸಿಗುವ ಮುಖ್ಯ ಜಾಗ ಹಿಂದುಗಡೆ, ಚಕ್ರಗಳ ನಡುವಿನ ಒಂದು ಸಣ್ಣ ತಗಡು. ಅದಕ್ಕೇ ಅಲ್ಲಿನವರು ಅಲಂಕಾರಕ್ಕಿಂತ ದೃಶ್ಯ ಬರೆಯುತ್ತಾರೆ: ಹೊಳೆದಂಡೆಯ ಹಳ್ಳಿ, ತಾಜ್ ಮಹಲ್, ಸಿನಿಮಾ ಜೋಡಿ, ಮನುಷ್ಯರ ಹಾಗೆ ಬಟ್ಟೆ ತೊಟ್ಟು ಓಡಾಡುವ ಪ್ರಾಣಿಗಳು. ಗುಲಾಬಿ, ಹಸಿರು, ನೀಲಿ ಕಣ್ಣಿಗೆ ಹೊಡೆಯುವ ಹಾಗೆ ಇರುತ್ತವೆ. ಢಾಕಾದ ರಿಕ್ಷಾ ಮತ್ತು ರಿಕ್ಷಾ ಚಿತ್ರಕಲೆ 2023ರ ಡಿಸೆಂಬರ್‌ನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ನಿಮ್ಮ ಡಿಸೈನ್‌ನಲ್ಲಿ ಆ ನವಿಲು ತನ್ನ ಚೌಕಟ್ಟು ಕಳೆದುಕೊಂಡು ಅನಾಥವಾಗಿ ನಿಂತಿದೆ. ಅದನ್ನು ಬಿಟ್ಟುಬಿಡಿ.

ಇನ್ನು ನಮ್ಮ ಲಾರಿ. ಇಲ್ಲಿ ಲೆಕ್ಕವೇ ತಿರುವುಮುರುವು. ನಮ್ಮಲ್ಲಿ ಅಕ್ಷರವೇ ಯಜಮಾನ, ಚಿತ್ರ ಅದರ ಪಕ್ಕದಲ್ಲಿ ಕೂರುವ ನೆಂಟ. ಬಣ್ಣ ಬಳಿದ ಖಾಲಿ ಹಲಗೆ ಬೇಕಾದಷ್ಟು ಇರುತ್ತದೆ. ನಡುವೆ ಒಂದು ಕಮಲವೋ ಹಸುಕರುವೋ, ಸುತ್ತ ಒಂದು ಅಂಚು, ಉಳಿದದ್ದೆಲ್ಲ ಬರಹ. ಉತ್ತರದ ಕಡೆ ಡೀಸೆಲ್ ಟ್ಯಾಂಕ್ ಮೇಲೂ ಪದ್ಯ ಬರೆಯುತ್ತಾರೆ. ‘ಕಮ್ ಪೀ ಮೇರಿ ರಾನಿ, ಮೆಹಂಗಾ ಹೈ ಇರಾಕ್ ಕಾ ಪಾನಿ’ ಅನ್ನುವುದು ಅವುಗಳಲ್ಲಿ ಒಂದು. ಸ್ವಲ್ಪ ಕುಡಿ ನನ್ನ ರಾಣಿ, ಇರಾಕಿನ ನೀರು ದುಬಾರಿ ಅಂತ ಡ್ರೈವರ್ ತನ್ನ ಗಾಡಿಗೆ ಹೇಳುವ ಮಾತು. ‘ಹಾರ್ನ್ ಓಕೆ ಪ್ಲೀಸ್’ ಕೂಡ ಹೆಚ್ಚಾಗಿ ಆ ಕಡೆಯದೇ. ಸುಮ್ಮಸುಮ್ಮನೆ ಹಾರ್ನ್ ಹೊಡೆಯಲು ಅದು ಕುಮ್ಮಕ್ಕು ಕೊಡುತ್ತದೆ ಅಂತ ಮಹಾರಾಷ್ಟ್ರದ ಸಾರಿಗೆ ಇಲಾಖೆ 2015ರಲ್ಲಿ ಅದನ್ನು ಬರೆಯಬಾರದು ಅಂದಿತು. ನಮ್ಮ ದಕ್ಷಿಣದ ಲಾರಿಗಳಲ್ಲಿ ‘ಸೌಂಡ್ ಹಾರ್ನ್’ ಅಂತ ಇರುವುದೇ ಜಾಸ್ತಿ. ನಿಮ್ಮ ತಂದೆಯ ಲಾರಿ ಫೋಟೋದಲ್ಲೂ ಅದೇ ಇದೆ, ನೋಡಿದಿರಾ?

ನಾನು ಆ ಎರಡು ಫೋಟೋಗಳನ್ನೇ ಅರ್ಧ ದಿನ ನೋಡಿದೆ. ನಿಮ್ಮ ಡಿಸೈನ್ ಅಲ್ಲೇ ಇದೆ.

ಮೊದಲು ಬಣ್ಣ. ಬಾಡಿ ಪೂರ್ತಿ ಕಂದು, ಅಂಚಿಗೆ ಅಗಲವಾದ ಬಿಳಿ ಪಟ್ಟಿ. ಇದು ಪೇಂಟರ್ ಆರಿಸಿದ್ದಲ್ಲ. ರಾಜ್ಯ ದಾಟಿ ಓಡುವ ನ್ಯಾಷನಲ್ ಪರ್ಮಿಟ್ ಲಾರಿಗಳಿಗೆ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಹೀಗೆ ಬರೆದಿತ್ತು: ಬಾಡಿಗೆ ‘ಒಣಗಿದ ಎಲೆಯ ಕಂದು’, ಅದಕ್ಕೆ 30 ಸೆಂಟಿಮೀಟರ್ ಅಗಲದ ಬಿಳಿ ಅಂಚು. ನಾವು ಚಿಕ್ಕವರಿದ್ದಾಗ ಹೆದ್ದಾರಿಯಲ್ಲಿ ನೋಡಿದ ಆ ಕಂದು ಲಾರಿಗಳ ಸಾಲು ಕಾನೂನಿನ ಬಣ್ಣ. ಕಾನೂನು ಕೊಟ್ಟ ಆ ಕಂದಿನ ಮೇಲೆ ಪೇಂಟರ್ ತನ್ನ ಹಳದಿ, ಕೆಂಪು, ಹಸಿರು ಕೂರಿಸಿದ. ಹಾಗಾಗಿ ಕಪ್ಪು ಟಿ-ಶರ್ಟ್ ಬಿಡಿ. ಕಂದು ಬಟ್ಟೆ ತಗೊಳ್ಳಿ. ಒಣ ತೇಗದೆಲೆಯ ಕಂದು, ಚಾಕೊಲೇಟ್ ಕಂದು ಬೇಡ. ಟಿ-ಶರ್ಟ್ ಬಟ್ಟೆ ಮಾಡುವ ತಿರುಪ್ಪೂರಿನವರ ಶೇಡ್ ಕಾರ್ಡ್ (ಬಟ್ಟೆ ಬಣ್ಣಗಳ ಮಾದರಿ ಹಾಳೆ) ತರಿಸಿ, ಅಪ್ಪನ ಕೈಗೆ ಕೊಟ್ಟು ಯಾವುದು ಅಂತ ಕೇಳಿ. ಅವರು ಒಂದೇ ನೋಟಕ್ಕೆ ಬೆರಳಿಡುತ್ತಾರೆ.

ಆಮೇಲೆ ಜಾಗ. ಲಾರಿಗೆ ಮುಂದು ಹಿಂದು ಇದೆ. ಟಿ-ಶರ್ಟ್‌ಗೂ ಇದೆ. ಕ್ಯಾಬಿನ್ ನೆತ್ತಿ ಮೇಲೆ ‘ಶ್ರೀ ಬಸವೇಶ್ವರ ಪ್ರಸನ್ನ’ ಅಂತ ಇದೆ. ಎದುರಿಗೆ ಬರುವವರಿಗೆ ಕಾಣುವುದು ಅಷ್ಟೇ. ಕೆಣಕುವ ಮಾತು, ಬುದ್ಧಿಮಾತು, ಮಕ್ಕಳ ಹೆಸರು, ದೃಷ್ಟಿಗೆ ಕಟ್ಟಿದ ಕಪ್ಪು ದಾರ, ಹಳೇ ಚಪ್ಪಲಿ ಎಲ್ಲ ಹಿಂದೆ. ಹಿಂದೆ ಬರುವ ಗಾಡಿಯವನಿಗೆ ಓದಲು ಹೊತ್ತು ಇರುತ್ತದೆ, ಘಾಟಿಯಲ್ಲಂತೂ ಅರ್ಧ ಗಂಟೆ ಅದೇ ಹಲಗೆ ನೋಡುತ್ತಿರಬೇಕು. ಟಿ-ಶರ್ಟ್‌ನಲ್ಲೂ ಹಾಗೇ ಮಾಡಿ. ಎದೆ ಮೇಲೆ ಒಂದೇ ಸಾಲು, ಕಮಾನಿನ ಹಾಗೆ ಬಾಗಿದ್ದು, ಕತ್ತಿನ ಪಟ್ಟಿಯಿಂದ ಮೂರು ಇಂಚು ಕೆಳಗೆ. ಬೆನ್ನ ಮೇಲೆ ಇಡೀ ಹಿಂದಿನ ಹಲಗೆ: 12 ಇಂಚು ಅಗಲ, 14ರಿಂದ 16 ಇಂಚು ಎತ್ತರ. ಬಸ್ಸಿನ ಸಾಲಿನಲ್ಲಿ ನಿಂತಾಗ ಹಿಂದಿನವರು ಓದಿಕೊಳ್ಳಲಿ. ಸ್ಮಾಲ್ ಸೈಜಿಗೆ ಇದೇ ಅಳತೆ ಹಾಕಿದರೆ ಚಿತ್ರ ಕಂಕುಳಿಗೆ ಓಡುತ್ತದೆ. ಅದಕ್ಕೆ 10 ಇಂಚಿನ ಬೇರೆ ಸ್ಕ್ರೀನ್ (ಬಣ್ಣ ಇಳಿಸುವ ಜಾಲರಿ ಚೌಕಟ್ಟು) ಮಾಡಿಸಿ. ಖರ್ಚು ಅಂತ ಹಿಂದೆ ಮುಂದೆ ನೋಡಬೇಡಿ.

ದೇವರ ವಿಷಯಕ್ಕೆ ಒಂದು ಮಾತು. ಲಾರಿಯಲ್ಲಿ ದೇವರು ಎತ್ತರದಲ್ಲಿರುತ್ತಾರೆ, ಬೆಳಿಗ್ಗೆ ಊದುಬತ್ತಿ ಹಚ್ಚಿಯೇ ಕೀಲಿ ತಿರುಗಿಸುವುದು. ಟಿ-ಶರ್ಟ್ ಬೆವರುತ್ತದೆ, ಒಗೆಯುವ ಕಲ್ಲಿಗೆ ಬೀಳುತ್ತದೆ, ಹಳೆಯದಾದ ಮೇಲೆ ನೆಲ ಒರೆಸುತ್ತದೆ. ನಾನಾದರೆ ದೇವರ ಮುಖ ಹಾಕುವುದಿಲ್ಲ. ಹೆಸರಿನ ಸಾಲು ಸಾಕು, ಅದೂ ಎದೆ ಮೇಲೆ ಮಾತ್ರ. ರಾಷ್ಟ್ರಧ್ವಜವೂ ಬೇಡ. ಲಾರಿ ಮೇಲೆ ಬರೆಯುತ್ತಾರೆ ನಿಜ, ಆದರೆ ಧ್ವಜ ಸಂಹಿತೆ ಉಡುಪಿನ ಬಟ್ಟೆ ಮೇಲೆ ಅದನ್ನು ಮುದ್ರಿಸಬಾರದು ಅನ್ನುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಅದು ಕೈ.

ನಿಮ್ಮ ಡಿಸೈನ್‌ನ ಹೂವು ಕಂಪ್ಯೂಟರ್‌ನಲ್ಲಿ ಒಂದು ಎಸಳು ಮಾಡಿ ಸುತ್ತ ತಿರುಗಿಸಿದ್ದು. ಹನ್ನೆರಡೂ ಎಸಳು ಅಚ್ಚಿನ ಹಾಗೆ ಒಂದೇ. ಲಾರಿ ಮೇಲಿನ ಗುಲಾಬಿ ಹೇಗೆ ಹುಟ್ಟುತ್ತದೆ ಅಂತ ಒಂದು ಸಲ ಹತ್ತಿರ ನಿಂತು ನೋಡಬೇಕು. ಚಪ್ಪಟೆ ಬ್ರಷ್ ತಗೊಳ್ಳುತ್ತಾರೆ, ಅಗಲ ಒಂದು ಹೆಬ್ಬೆರಳಿನಷ್ಟು. ಒಂದು ಮೂಲೆಯನ್ನು ಕೆಂಪು ಎನಾಮಲ್‌ಗೆ ಅದ್ದುತ್ತಾರೆ, ಇನ್ನೊಂದು ಮೂಲೆಯನ್ನು ಬಿಳಿಗೆ. ಒಂದು ಹಳೇ ತಗಡಿನ ತುಂಡಿನ ಮೇಲೆ ಎರಡು ಸಲ ಒರೆಸುತ್ತಾರೆ, ನಡುವೆ ಎರಡೂ ಬಣ್ಣ ಬೆರೆಯಲಿ ಅಂತ. ಆಮೇಲೆ ಹಲಗೆ ಮೇಲೆ ಬ್ರಷ್ ಒತ್ತಿ, ಮಣಿಕಟ್ಟು ತಿರುಗಿಸಿ, ಎತ್ತುತ್ತಾರೆ. ಅಷ್ಟೇ. ಒಂದು ಉಸಿರಿಗೆ ಒಂದು ಎಸಳು. ಹೊರಗೆ ಬಿಳಿ, ಒಳಗೆ ಕೆಂಪು, ನಡುವೆ ಗುಲಾಬಿ, ಎಲ್ಲ ಆ ಒಂದೇ ಎಳೆತದಲ್ಲಿ. ಬ್ರಷ್ ಎತ್ತಿದ ಕಡೆ ಒಂದು ಸಣ್ಣ ಬಾಲ ಉಳಿಯುತ್ತದೆ. ಆ ಬಾಲದಲ್ಲೇ ಆ ಮನುಷ್ಯನ ಗುರುತು ಇರುವುದು. ಒಬ್ಬರದು ಎಡಕ್ಕೆ ಬಾಗುತ್ತದೆ, ಒಬ್ಬರದು ಚೂಪಾಗಿ ನಿಲ್ಲುತ್ತದೆ. ನಿಮ್ಮ ತಂದೆಯ ಹಲಗೆ ಮೇಲಿನ ಕಮಲ ನೋಡಿ, ಬಲಗಡೆಯ ಎಸಳುಗಳು ಎಡಗಡೆಯವಕ್ಕಿಂತ ಚೂರು ದಪ್ಪ. ಬಲಗೈಯವರು ಬರೆದದ್ದು, ಅದೂ ಬಗ್ಗಿ ನಿಂತು. ಇದನ್ನು ‘ಸರಿ’ ಮಾಡಲು ಹೋಗಬೇಡಿ.

ಆದ್ದರಿಂದ ಒಬ್ಬ ಲಾರಿ ಪೇಂಟರ್‌ರನ್ನು ಹುಡುಕಿ. ಫ್ಲೆಕ್ಸ್ ಬಂದ ಮೇಲೆ, ಸ್ಟಿಕ್ಕರ್ ಕಟಿಂಗ್ ಮಷೀನು ಬಂದ ಮೇಲೆ ಎಷ್ಟೋ ಜನ ಬ್ರಷ್ ಕೆಳಗಿಟ್ಟಿದ್ದಾರೆ. ಆದರೂ ಬಾಡಿ ಕಟ್ಟುವ ಶೆಡ್‌ಗಳ ಹತ್ತಿರ, ಲಾರಿ ಸ್ಟ್ಯಾಂಡ್ ಪಕ್ಕದ ಗ್ಯಾರೇಜ್‌ಗಳಲ್ಲಿ ಕೇಳಿದರೆ ಸಿಗುತ್ತಾರೆ. ಅವರಿಗೆ ಪೇಪರ್, ಪೋಸ್ಟರ್ ಕಲರ್ ಕೊಟ್ಟು ಕೂರಿಸಬೇಡಿ. ಅವರ ಕೈಗೆ ಎನಾಮಲ್ ಹರಿಯುವ ರೀತಿ ಗೊತ್ತು, ತಗಡಿನ ನುಣುಪು ಗೊತ್ತು. ಕಂದು ಬಳಿದ ತಗಡೇ ಕೊಡಿ. ಟಿ-ಶರ್ಟ್ ಅಳತೆಯ ಎರಡರಷ್ಟು ದೊಡ್ಡದಾಗಿ ಬರೆಯಲು ಹೇಳಿ. ಹೂವು ಒಂದು ತಗಡಿನಲ್ಲಿ, ಅಂಚು ಒಂದರಲ್ಲಿ, ಅಕ್ಷರ ಒಂದರಲ್ಲಿ ಬೇರೆ ಬೇರೆ ಇರಲಿ. ಆಮೇಲೆ ಕಂಪ್ಯೂಟರ್‌ನಲ್ಲಿ ಜೋಡಿಸಲು ಅನುಕೂಲ. ಎನಾಮಲ್ ಬಿಸಿಲಿಗೆ ಮಿರಮಿರ ಹೊಳೆಯುತ್ತದೆ. ಅದಕ್ಕೆ ನೆರಳಿನಲ್ಲಿಟ್ಟು, ಕ್ಯಾಮೆರಾ ನೆಟ್ಟಗೆ ಹಿಡಿದು ಫೋಟೋ ತೆಗೆಯಿರಿ.

ಅಕ್ಷರವನ್ನೂ ಅವರಿಂದಲೇ ಬರೆಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕನ್ನಡದ ಪೇಂಟರ್ ಅಕ್ಷರಕ್ಕೆ ಒಂದು ಚಂದ ಇದೆ. ಚಾಕ್ ಪುಡಿ ಸವರಿದ ದಾರ ಎಳೆದು ಬಿಟ್ಟು ಗೆರೆ ಹಾಕುತ್ತಾರೆ. ಮೇಲೊಂದು, ಕೆಳಗೊಂದು. ತಲೆಕಟ್ಟುಗಳೆಲ್ಲ ಮೇಲಿನ ಗೆರೆಗೆ ತಾಗುತ್ತವೆ. ಕಷ್ಟ ಇರುವುದು ಒತ್ತಕ್ಷರದಲ್ಲಿ. ‘ಪ್ರಸನ್ನ’ದ ಒತ್ತು ಕೆಳಗಿನ ಗೆರೆ ದಾಟಿ ಇಳಿಯುತ್ತದೆ, ಕೆಳಗಿನ ಸಾಲಿನ ತಲೆಗೆ ಹೋಗಿ ಬಡಿಯುತ್ತದೆ. ಅನುಭವಸ್ಥ ಪೇಂಟರ್ ಮೊದಲೇ ನೋಡಿಕೊಂಡು ಒತ್ತನ್ನು ಚಿಕ್ಕದು ಮಾಡಿ ಪಕ್ಕದ ಅಕ್ಷರದ ಹೊಟ್ಟೆ ಕೆಳಗೆ ತೂರಿಸುತ್ತಾರೆ. ಆಮೇಲೆ ಬಲಕ್ಕೆ, ಕೆಳಕ್ಕೆ ಶೇಡ್ ಕೊಡುತ್ತಾರೆ. ಹಳದಿ ಅಕ್ಷರಕ್ಕೆ ಕೆಂಪು ಶೇಡ್, ಅದರ ಹೊರಗೆ ಸಣ್ಣದೊಂದು ಕಪ್ಪು ಗೆರೆ. ಯಾವ ಫಾಂಟೂ ಈ ಹೊಂದಾಣಿಕೆ ಮಾಡುವುದಿಲ್ಲ.

ಫಾಂಟ್‌ನಿಂದ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಕಥೆ. ಕೆಲವು ವರ್ಷದ ಹಿಂದೆ ಒಂದು ಜಾತ್ರೆಗೆ ಟಿ-ಶರ್ಟ್ ಮಾಡಿಸಿದೆ. ಫೈಲ್ ಕಳಿಸಿದ ಪ್ರೆಸ್‌ನಲ್ಲಿ ನನ್ನ ಫಾಂಟ್ ಇರಲಿಲ್ಲ. ಅವರ ಕಂಪ್ಯೂಟರ್ ತಾನೇ ಬೇರೊಂದು ಫಾಂಟ್ ಹಾಕಿಕೊಂಡಿತು, ಒತ್ತುಗಳೆಲ್ಲ ಬಿಡಿಯಾಗಿ ಪಕ್ಕಕ್ಕೆ ಹೋದವು. ಯಾರೂ ಓದಿ ನೋಡಲಿಲ್ಲ. ನಲವತ್ತು ಶರ್ಟ್ ಅಚ್ಚಾದ ಮೇಲೆ ಗೊತ್ತಾಯಿತು. ದೇವರ ಹೆಸರು ತಪ್ಪಾಗಿತ್ತು, ಒಂದನ್ನೂ ಕೊಡಲು ಮನಸ್ಸು ಬರಲಿಲ್ಲ. ಅವತ್ತಿನಿಂದ ಒಂದು ಅಕ್ಷರ ಇದ್ದರೂ ಅದನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರೀ ಗೆರೆಗಳ ಚಿತ್ರಕ್ಕೆ ಬದಲಾಯಿಸಿಯೇ ಕಳಿಸುತ್ತೇನೆ, ಸ್ಕ್ರೀನ್ ಮಾಡಲು ತೆಗೆಯುವ ಪಾಸಿಟಿವ್ ಫಿಲ್ಮ್ ಬಂದ ಮೇಲೆ ಗಟ್ಟಿಯಾಗಿ ಓದುತ್ತೇನೆ. ನೀವೂ ಹಾಗೇ ಮಾಡಿ.

ಪ್ರಿಂಟ್ ವಿಷಯಕ್ಕೆ ಬರೋಣ. ನೂರು ಪೀಸ್ ಅಂದಿರಿ, ಒಂದೇ ಡಿಸೈನ್. ಹಾಗಿದ್ದರೆ ಸ್ಕ್ರೀನ್ ಪ್ರಿಂಟಿಂಗೇ ಸರಿ. ಡಿಟಿಎಫ್, ಅಂದರೆ ಫಿಲ್ಮ್ ಮೇಲೆ ಅಚ್ಚು ಹಾಕಿ ಬಿಸಿಯಲ್ಲಿ ಬಟ್ಟೆಗೆ ಅಂಟಿಸುವುದು, ಸುಲಭ, ಹತ್ತಿಪ್ಪತ್ತು ಪೀಸ್‌ಗೆ ಅಗ್ಗವೂ ಹೌದು. ಹದಿನಾಲ್ಕು ಬಣ್ಣ ಅಲ್ಲ, ನಲವತ್ತು ಬಣ್ಣ ಹಾಕಿದರೂ ಅದೇ ರೇಟು. ಆದರೆ ಬೆನ್ನಿಗೆ ಹನ್ನೆರಡು ಇಂಚಿನ ಡಿಟಿಎಫ್ ಅಂದರೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡ ಹಾಗೆ. ಗಾಳಿ ಆಡುವುದಿಲ್ಲ. ನಮ್ಮ ಬೇಸಿಗೆಗೆ ಅದನ್ನು ಹಾಕಿಕೊಂಡವರು ಎರಡನೇ ಸಲ ಹಾಕುವುದಿಲ್ಲ.

ಸ್ಕ್ರೀನ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನು. ಹದಿನಾಲ್ಕು ಆಗದ ಮಾತು. ನಿಮ್ಮ ಲಾರಿಗೆ ಐದು ಸಾಕು: ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು. ಆರನೆಯದು ಕಂದು, ಅದು ಬಟ್ಟೆಯಲ್ಲೇ ಇದೆ. ಹಲಗೆಯ ಹಿನ್ನೆಲೆಗೆ, ಎಸಳುಗಳ ನಡುವಿನ ಸಂದಿಗೆ ಬಟ್ಟೆಯನ್ನೇ ಬಿಡಿ. ಪ್ರಿಂಟೂ ಹಗುರವಾಗುತ್ತದೆ.

ಮೊದಲು ಬಿಳಿ ಬೀಳಬೇಕು. ಕಂದಿನ ಮೇಲೆ ನೇರವಾಗಿ ಹಳದಿ ಹಾಕಿದರೆ ಸಾಸಿವೆ ಆಗುತ್ತದೆ, ಕೆಂಪು ಹಾಕಿದರೆ ಇಟ್ಟಿಗೆ. ನಮ್ಮ ಪ್ರೆಸ್‌ಗಳಲ್ಲಿ ‘ಖಾದಿ’ ಅಂತಾರಲ್ಲ, ಆ ದಪ್ಪ ಬಿಳಿ ಪೇಸ್ಟ್, ಅದನ್ನು ಕೇಳಿ. ಖಾದಿಗೆ 43ಟಿ ಮೆಶ್ (ಸ್ಕ್ರೀನಿನ ಜಾಲರಿ) ಹಾಕಿಸಿ, ಅಂದರೆ ಸೆಂಟಿಮೀಟರ್‌ಗೆ 43 ಎಳೆ. ಪೇಸ್ಟ್ ಚೆನ್ನಾಗಿ ಇಳಿಯುತ್ತದೆ. ಕಪ್ಪು ಗೆರೆಗೆ 77ಟಿ ಇದ್ದರೆ ಅಂಚು ಚೂಪಾಗಿ ಬರುತ್ತದೆ. ಬಿಳಿಯನ್ನು ಮೇಲಿನ ಬಣ್ಣಕ್ಕಿಂತ ಕೂದಲೆಳೆಯಷ್ಟು ಒಳಗೆ ಇಡಿಸಿ, ಇಲ್ಲದಿದ್ದರೆ ಕೆಂಪಿನ ಸುತ್ತ ಬಿಳಿ ಹಲ್ಲು ಕಾಣುತ್ತದೆ. ಬಿಳಿ ಹಾಕಿ ಒಣಗಿಸಿ, ಆಮೇಲೆ ಹಳದಿ, ಹಸಿರು, ಕೆಂಪು, ಕೊನೆಗೆ ಕಪ್ಪು. ಗಾಡಿಯ ಬಿಳಿ ಅಂಚಿಗೆ ಬೇರೆ ಸ್ಕ್ರೀನ್ ಬೇಡ, ಅಡಿಯ ಬಿಳಿಯನ್ನೇ ಅಲ್ಲಿ ಬಯಲಾಗಿ ಬಿಡಿ.

ಎಸಳಿನ ಒಳಗೆ ಕೆಂಪು ಬಿಳಿಗೆ ಕರಗುವ ಆ ನಯ ಹೇಗೆ ಬರಬೇಕು? ಸಣ್ಣ ಚುಕ್ಕೆಗಳಲ್ಲಿ ಒಡೆದು ಮಾಡಬಹುದು, ಆದರೆ ಕೈಯಿಂದ ಸ್ಕ್ವೀಜಿ (ಬಣ್ಣ ತಳ್ಳುವ ರಬ್ಬರ್ ಪಟ್ಟಿ) ಎಳೆಯುವ ಪ್ರೆಸ್‌ನಲ್ಲಿ ಚುಕ್ಕೆ ಮುಚ್ಚಿಕೊಂಡು ಕಲೆಯಾಗುವುದೇ ಜಾಸ್ತಿ. ನನಗೆ ಇಷ್ಟವಾದ ದಾರಿ ಬೇರೆ. ಬ್ರಷ್ಷಿನ ಕೂದಲು ಬಿಟ್ಟ ಗೆರೆಗಳನ್ನೇ ಉಳಿಸಿಕೊಳ್ಳಿ. ಫೋಟೋವನ್ನು ಗಟ್ಟಿ ಕೆಂಪು, ಗಟ್ಟಿ ಬಿಳಿ ಅಂತ ಎರಡೇ ಮಾಡಿದಾಗ ಅವೆರಡರ ನಡುವೆ ಕೂದಲಿನ ಗೀರುಗಳು ಬಾಚಣಿಗೆ ಹಲ್ಲಿನ ಹಾಗೆ ಉಳಿಯುತ್ತವೆ. ಆರು ಅಡಿ ದೂರದಿಂದ ಕಣ್ಣು ತಾನೇ ಅದನ್ನು ಬೆರೆಸಿಕೊಳ್ಳುತ್ತದೆ. ಹತ್ತಿರ ಬಂದರೆ ಬ್ರಷ್ ಕಾಣುತ್ತದೆ.

ಬಟ್ಟೆ 180 ಜಿಎಸ್‌ಎಂ (ಚದರ ಮೀಟರ್‌ಗೆ 180 ಗ್ರಾಂ ತೂಕ), ನೂರಕ್ಕೆ ನೂರು ಕಾಟನ್, ಬಯೋವಾಶ್ ಆಗಿದ್ದು, ಅಂದರೆ ಮೇಲಿನ ನವಿರು ಎಳೆ ಹೋಗುವ ಹಾಗೆ ತೊಳೆದದ್ದು. ನೀರಿನ ಪಿಗ್ಮೆಂಟ್ ಬಳಸಿದರೆ ಬಣ್ಣ ಹಿಡಿಸುವ ಫಿಕ್ಸರ್ ಸರಿಯಾಗಿ ಬಿದ್ದಿದೆಯಾ, ಬಿಸಿಯಲ್ಲಿ ಕ್ಯೂರಿಂಗ್ ಆಗಿ ಬಣ್ಣ ಗಟ್ಟಿಯಾಗಿದೆಯಾ ಅಂತ ನೀವೇ ನಿಂತು ನೋಡಿ. ಪ್ಲಾಸ್ಟಿಸಾಲ್ (ಪ್ಲಾಸ್ಟಿಕ್ ಬೆರೆತ ಶಾಯಿ) ಆದರೆ 160 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೇಕು. ಬಿಸಿ ಸಾಲದಿದ್ದರೆ ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ನಾಲ್ಕನೇ ಒಗೆತಕ್ಕೆ ಬಿರುಕು ಬಿಡುತ್ತದೆ. ನೂರೂ ಹಾಕಿಸುವ ಮೊದಲು ಎರಡು ಪೀಸ್ ಮಾಡಿಸಿ ಐದು ಸಲ ಒಗೆದು ನೋಡಿ. ಕಲ್ಲಿನ ಮೇಲೆ ಒಗೆಯಿರಿ, ನಿಮ್ಮ ಗಿರಾಕಿಗಳ ಮನೆಯಲ್ಲೂ ಅದೇ ಆಗುವುದು.

ಇಂಟರ್‌ನೆಟ್ ಚಿತ್ರದ ಬಗ್ಗೆ ಕೇಳಿದಿರಿ. ಬೇಡ. ಕಮಲ, ಗಿಳಿ, ಹಸುಕರು, ಬಳ್ಳಿ ಅಂಚು ಇವು ಯಾರ ಸ್ವತ್ತೂ ಅಲ್ಲ, ಎಲ್ಲರದು. ಆದರೆ ಒಬ್ಬರು ಬರೆದ ಒಂದು ನಿರ್ದಿಷ್ಟ ಕಮಲ ಅವರದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದರು ಬದುಕಿರುವವರೆಗೆ ಮತ್ತು ಅವರ ನಂತರ 60 ವರ್ಷ ಆ ಹಕ್ಕು ಇರುತ್ತದೆ. ಲಾರಿ ರಸ್ತೆ ಮೇಲೆ ಓಡುತ್ತದೆ, ಯಾರು ಬೇಕಾದರೂ ನೋಡಬಹುದು, ಹಾಗಂತ ಅದನ್ನು ಅಚ್ಚು ಹಾಕಿ ಮಾರುವುದು ಬೇರೆಯೇ ಮಾತು. ಫೋಟೋ ತೆಗೆದವರ ಹಕ್ಕು ಇನ್ನೊಂದು. ಲಾರಿ ಕಂಪನಿಯ ಲೋಗೋ ಕೂಡ ತೆಗೆದುಬಿಡಿ, ಅದು ಟ್ರೇಡ್‌ಮಾರ್ಕ್. ಗ್ರಿಲ್, ಹೆಡ್‌ಲೈಟ್ ಇದ್ದರೆ ಸಾಕು, ಲಾರಿ ಅಂತ ಗೊತ್ತಾಗುತ್ತದೆ. ನಮ್ಮ ಆಟೋಗಳ ಹಿಂದೆ ಶಂಕರ್‌ನಾಗ್ ಇರುತ್ತಾರಲ್ಲ, ಅಂಥ ನಟರ ಮುಖ ಹಾಕಿ ಮಾರುವುದಾದರೆ ಅವರ ಮನೆಯವರ ಒಪ್ಪಿಗೆ ಕೇಳುವುದು ಮರ್ಯಾದೆ.

ಪೇಂಟರ್‌ಗೆ ದುಡ್ಡು ಹೇಗೆ ಕೊಡಬೇಕು ಅನ್ನುವುದೂ ಇದೇ ಮಾತಿನೊಳಗೆ ಬರುತ್ತದೆ. ಒಂದು ದಿನದ ಕೂಲಿ ಕೊಟ್ಟು ಕಳಿಸಬೇಡಿ. ಬರೆದದ್ದಕ್ಕೆ ಒಂದು ಮೊತ್ತ, ಆಮೇಲೆ ಪ್ರತಿ ಶರ್ಟ್‌ಗೆ ಇಷ್ಟು ಅಂತ ಒಂದು ಪಾಲು. ಕನ್ನಡದಲ್ಲಿ ಒಂದು ಹಾಳೆ ಬರೆದು ಇಬ್ಬರೂ ಸಹಿ ಹಾಕಿ. ಎಷ್ಟು ಪೀಸ್, ಮುಂದೆ ಮಗ್ ಮೇಲೋ ಚೀಲದ ಮೇಲೋ ಹಾಕಿದರೆ ಏನು ಅಂತ ಅದರಲ್ಲಿ ಇರಲಿ. ದೆಹಲಿಯ ಹನೀಫ್ ಕುರೇಶಿ ಬೀದಿ ಪೇಂಟರ್‌ಗಳ ಅಕ್ಷರಗಳನ್ನು ಫಾಂಟ್ ಮಾಡಿದಾಗ ಆ ಫಾಂಟ್‌ಗೆ ಪೇಂಟರ್ ಹೆಸರನ್ನೇ ಇಟ್ಟರು. ‘ಪೇಂಟರ್ ಕಫೀಲ್’ ಅಂತ ಒಂದು ಫಾಂಟೇ ಇದೆ. ಕುರೇಶಿ 2024ರಲ್ಲಿ ತೀರಿಕೊಂಡರು. ಅವರು ಇಟ್ಟ ಆ ಪದ್ಧತಿ ನನಗೆ ತುಂಬ ಗೌರವದ್ದು ಅನಿಸುತ್ತದೆ.

ಇನ್ನೊಂದು ವಿಷಯ, ನಿಮ್ಮ ಎರಡನೇ ಫೋಟೋದಲ್ಲಿದೆ. ಅದನ್ನು ದೊಡ್ಡದು ಮಾಡಿ ಬಲ ಕೆಳಮೂಲೆ ನೋಡಿ, ನಂಬರ್ ಪ್ಲೇಟ್‌ನ ಮೇಲ್ಗಡೆ. ‘ಆರ್ಟ್ಸ್’ ಅಂತ ಸಣ್ಣದಾಗಿ ಬಿಳಿಯಲ್ಲಿ ಬರೆದಿದೆ. ಅದರ ಮುಂಚಿನ ಹೆಸರಿಗೆ ಕೆಸರು ಮೆತ್ತಿದೆ, ಮೊದಲ ಅಕ್ಷರದ ತಲೆಕಟ್ಟು ಮಾತ್ರ ಕಾಣುತ್ತದೆ. ಕೆಳಗೆ ಊರಿನ ಹೆಸರು ಅರ್ಧ ಇದೆ: ‘ರಾಣೆಬೆ’. ಲಾರಿ ಬರೆದವರು ಸಹಿ ಹಾಕಿಯೇ ಹಾಕುತ್ತಾರೆ. ಅಪ್ಪನನ್ನು ಕೇಳಿ, ಯಾರ ಹತ್ತಿರ ಬರೆಸಿದ್ರಿ ಅಂತ. ಡ್ರೈವರ್‌ಗಳು ಪೇಂಟರ್ ಹೆಸರು ಮರೆಯುವುದಿಲ್ಲ, ಎರಡು ಮೂರು ದಿನ ಶೆಡ್‌ನಲ್ಲಿ ಅವರ ಜೊತೆಗೇ ಚಹಾ ಕುಡಿದಿರುತ್ತಾರೆ. ಅವರು ಇದ್ದರೆ ಅವರ ಹತ್ತಿರವೇ ಹೋಗಿ. ಅಪ್ಪನನ್ನೂ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಅವರ ಕೈಕೆಳಗೆ ಕಲಿತವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಬೆನ್ನಿನ ಡಿಸೈನ್ ಈ ಫೋಟೋದ ಹಾಗೇ ಇರಲಿ. ಮೇಲೆ ಎಡಕ್ಕೆ ‘ಸೌಂಡ್’, ಬಲಕ್ಕೆ ‘ಹಾರ್ನ್’, ನಡುವೆ ಕಮಲ, ಅದರ ಕೆಳಗೆ ‘ನಿಧಾನವೇ ಪ್ರಧಾನ’. ಅಡಿಯಲ್ಲಿ ಹಳದಿಯಲ್ಲಿ ಕೆಂಪು ಶೇಡ್ ಕೊಟ್ಟು ಎರಡು ಹೆಸರು, ನಿಮ್ಮದು ಮತ್ತು ತಂಗಿಯದು. ಗಿರಾಕಿಗಳಿಗೆ ನಿಮ್ಮ ಹೆಸರು ಯಾಕೆ ಬೇಕು ಅಂತ ತೆಗೆಯಬೇಡಿ. ಯಾರದೋ ಮಕ್ಕಳ ಹೆಸರು ಓದುತ್ತ ಅವರ ಹಿಂದೆ ಹೋಗುವುದೇ ಹೆದ್ದಾರಿಯ ಅನುಭವ. ಬಲ ಮೂಲೆಯಲ್ಲಿ, ಲಾರಿಯಲ್ಲಿ ಇದ್ದಷ್ಟೇ ಸಣ್ಣದಾಗಿ, ಪೇಂಟರ್ ಸಹಿ. ಫೋನ್ ನಂಬರ್ ಹಾಕಬೇಕೋ ಬೇಡವೋ ಅಂತ ಅವರನ್ನೇ ಕೇಳಿ. ತಗಡುಗಳು ತಯಾರಾದ ಮೇಲೆ, ಡಿಸೈನನ್ನು ಸ್ಕ್ರೀನಿಗೆ ಇಳಿಸುವ ಮೊದಲು ಅದರ ಫೋಟೋ ನನಗೆ ಕಳಿಸಿ. ಒತ್ತುಗಳನ್ನು ಒಂದು ಸಲ ನಾನೂ ನೋಡುತ್ತೇನೆ.